ಸ್ಟ್ರಾಸ್‌ಬರ್ಗ್ ನೋಡಿದ ಕುತ್ತಿಗೆ

"ಜೀವಮಾನವೆಲ್ಲ ಟ್ರಾಮ್ ಓಡಿಸಿದವನು ನಾನು! ನನಗೆ ಊರು ತೋರಿಸೋಕೆ ಗೈಡ್ ಬೇಕಾ?"

ಹಡಗಿನ ಮೆಟ್ಟಿಲ ಮೇಲೆ ನಿಂತು ಹೀಗೆ ಘೋಷಿಸಿದವನು ಜರ್ಮನಿಯ ಡೂಯಿಸ್‌ಬರ್ಗಿನ ವಿನ್‌ಫ್ರೀಡ್. ರೈನ್ ನದಿಯ ಪ್ರವಾಸದ ಹಡಗು ಅಕ್ಟೋಬರಿನ ಆ ಮಧ್ಯಾಹ್ನ ಫ್ರಾನ್ಸಿನ ಗಡಿಯೂರು ಸ್ಟ್ರಾಸ್‌ಬರ್ಗಿಗೆ ಬಂದು ನಿಂತಿತ್ತು. ಉಳಿದವರೆಲ್ಲ ಗೈಡ್ ಮಡಿಚಿ ಎತ್ತಿಹಿಡಿದ ಕೆಂಪು ಕೊಡೆಯ ಹಿಂದೆ ತೆಪ್ಪಗೆ ಹೊರಟರು.

ಅವನ ಹೆಂಡತಿ ರೋಸ್ವಿತಾ ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದಳು. ಇದು ಅವಳ ತಾಯಿ ಹುಟ್ಟಿದ ಊರು. ಇಲ್ಲಿನ ದೊಡ್ಡ ಚರ್ಚಿನ ಕಲ್ಲು ಸಂಜೆ ಬಿಸಿಲಿಗೆ ನಾಚಿದವರ ಕೆನ್ನೆಯಂತೆ ರಂಗೇರುತ್ತದೆ ಎಂದು ತಾಯಿ ಸಾಯುವವರೆಗೂ ಹೇಳುತ್ತಿದ್ದಳು. ಅದನ್ನು ಕಣ್ಣಾರೆ ನೋಡಲೆಂದೇ ರೋಸ್ವಿತಾ ಹಡಗು ಹತ್ತಿದ್ದು.

"ಆರಕ್ಕೆಲ್ಲ ಹಡಗು ಹೊರಡುತ್ತೆ ಕಣೋ. ಯಾರನ್ನಾದ್ರೂ ದಾರಿ ಕೇಳೋಣ."

"ಹಳಿ ಕಣ್ಮುಂದೆ ಬಿದ್ದಿರುವಾಗ ದಾರಿ ಕೇಳೋದಾ? ಮಾನ ಕಳೀಬೇಡ, ಹತ್ತು!"

ಟ್ರಾಮ್ ಉದ್ದನೆಯ ಸೇತುವೆಯೊಂದನ್ನು ದಾಟಿತು. "ನೋಡು, ಹಳೇ ಕೋಟೆಯ ಕಂದಕ!" ಎಂದ ವಿನ್‌ಫ್ರೀಡ್. ಕಂದಕದಲ್ಲಿ ಕಲ್ಲಿದ್ದಲು ತುಂಬಿದ ಹಡಗೊಂದು ಗಂಭೀರವಾಗಿ ಸಾಗುತ್ತಿತ್ತು!

ಇಳಿದು ನೋಡಿದರೆ ಗೋಪುರ ಎಲ್ಲೂ ಕಾಣಲಿಲ್ಲ; ವಿಧಿಯಿಲ್ಲದೆ ಬೇಕರಿಗೆ ನುಗ್ಗಿ, ವಾರವಿಡೀ ಉರು ಹೊಡೆದಿದ್ದ ಫ್ರೆಂಚಿನಲ್ಲಿ ಚರ್ಚಿನ ದಾರಿ ಕೇಳಿದ. ಅಂಗಡಿಯಾಕೆ ತೊದಲುತ್ತ ಫ್ರೆಂಚಿನಲ್ಲೇ ಏನೋ ಉತ್ತರಿಸಿದಳು. ಇವನು ಕೈಯಲ್ಲಿ ಗೋಪುರ ಕಟ್ಟಿ ತೋರಿಸಿದ. ಅವಳು ಮೂರಂತಸ್ತಿನ ಕೇಕ್ ತಂದಿಟ್ಟಳು. ಕೊನೆಗೆ ಸೋತು, ಒಳಗಿದ್ದ ತಂಗಿಗೆ ಅಪ್ಪಟ ಜರ್ಮನ್‌ನಲ್ಲಿ ಕೂಗಿದಳು:

"ಬಾರೇ ಇಲ್ಲಿ! ಯಾರೋ ಫ್ರೆಂಚ್ ಮುದುಕ ತಲೆ ತಿಂತಿದಾನೆ!"

ರೋಸ್ವಿತಾ ಗಲ್ಲಾಪೆಟ್ಟಿಗೆ ಹಿಡಿದುಕೊಂಡು ನಕ್ಕಳು. "ಟ್ರಾಮಿನ ರಾಜ! ಉಲ್ಟಾ ಟ್ರಾಮ್ ಹತ್ತಿಸಿದೀಯ! ನದಿ ದಾಟಿ ವಾಪಸ್ ಜರ್ಮನಿಗೇ ಬಂದಿದೀವಿ!"

"ಮತ್ತೆ ಗಡಿ ಎಲ್ಲಿ ಹೋಯ್ತು?"

ಹಿಂದಿರುಗುವ ಟ್ರಾಮಿನಲ್ಲಿ ಅದೇ ಸೇತುವೆ ಬಂದಾಗ ಅವಳ ನಗು ನಿಂತಿತು. "ಅಮ್ಮ ಈ ಊರು ಬಿಟ್ಟು ಕದಲದೇನೇ ಮೂರು ಸಲ ದೇಶ ಬದಲಾಯಿಸಿದ್ಲು. ಊರೇ ಒಮ್ಮೆ ಜರ್ಮನಿಯದು, ಒಮ್ಮೆ ಫ್ರಾನ್ಸಿನದು. ಆಗ ಈ ನೀರಿನ ಗಡಿಗಾಗಿ ಹೆಣ ಬೀಳ್ತಿದ್ವು. ಈಗ ನೋಡು." ಎದುರಿನ ಸೀಟಿನ ಹೆಂಗಸು ಎರಡು ದೇಶಗಳ ನಡುವೆ ಸ್ವೆಟರ್ ಹೆಣೆಯುತ್ತಿದ್ದಳು, ಕತ್ತೆತ್ತಿಯೂ ನೋಡಲಿಲ್ಲ. ವಿನ್‌ಫ್ರೀಡ್ ಕಿಟಕಿಗೆ ಹಣೆಯೊತ್ತಿ ತನ್ನ 'ಕಂದಕ'ವನ್ನು ಮತ್ತೆ ನೋಡಿದ.

ಟ್ರಾಮ್ ಇಳಿದು ಓಡೋಡಿ ಗಲ್ಲಿ ತಿರುಗಿದರೆ, ಮನೆಗಳ ಸಂದಿನಿಂದ ಚರ್ಚು ಎದ್ದು ನಿಂತಿತ್ತು. ಇಳಿಬಿಸಿಲು ಆಗಷ್ಟೇ ತಾಗಿತ್ತು. ಕಲ್ಲು ಗುಲಾಬಿಯಾಗಿ, ಗುಲಾಬಿ ಕೆಂಪಾಗಿ, ಕಸೂತಿಯಂಥ ಕೆತ್ತನೆ ಮೇಲೆ ಮೇಲೆ ಹೋಗಿ ಆಕಾಶದಲ್ಲಿ ಕರಗಿತ್ತು. ಇಷ್ಟೆಲ್ಲ ಕೈಯಲ್ಲೇ ಕಟ್ಟಿದವರು ಎಂಥ ಮನುಷ್ಯರಪ್ಪಾ! ರೋಸ್ವಿತಾ ಕಲ್ಲಿಗೆ ಕೆನ್ನೆಯಿಟ್ಟು ಅತ್ತಳು. ಇನ್ನೂ ಬೆಚ್ಚಗಿತ್ತು.

ಕಣ್ಣೊರೆಸಿಕೊಂಡು ತಿರುಗಿದರೆ ವಿನ್‌ಫ್ರೀಡ್ ಬಾಯಿ ತೆರೆದು ಗೋಪುರದ ತುದಿ ನೋಡುತ್ತಲೇ ಇದ್ದ.

"ಸಾಕು ಬಾ, ಹಡಗು ಹೋಗುತ್ತೆ!"

"ರೋಸ್ವಿತಾ... ಕುತ್ತಿಗೆ ಹಿಡ್ಕೊಂಡಿದೆ!"

ಜಗ್ಗಿದಳು, ತಿಕ್ಕಿದಳು. ಊಹೂಂ! ಆಕಾಶ ನೋಡುತ್ತಿದ್ದ ಗಂಡನನ್ನು ಕೈಹಿಡಿದು ಊರಿಡೀ ನಡೆಸಿದಳು. ಇವನು ನೋಡಿದತ್ತ ದಾರಿಹೋಕರೂ ನೋಡಿದರು. ಹಿಂದೆ ಒಂದು ಮೆರವಣಿಗೆಯೇ ಆಯಿತು! ಕೆಂಪು ಕೊಡೆಯ ಗೈಡ್ ಕೂಡ ಮಳೆ ಬಂತೇನೋ ಎಂದು ಗಾಬರಿಯಿಂದ ಕೊಡೆ ಬಿಚ್ಚಿದ.

ಹಡಗು ತಲುಪಿದ ಮೇಲೆ ವಿನ್‌ಫ್ರೀಡ್ ಮೆಲ್ಲಗೆ ಅಂದ: "ತಪ್ಪಾಯ್ತು ಕಣೇ. ನಿನ್ನ ಮಾತು ಕೇಳ್ಬೇಕಿತ್ತು."

"ತಪ್ಪು ಒಪ್ಪಿಕೊಳ್ಳೋರ ಭಂಗಿಯಾ ಇದು? ತಲೆ ತಗ್ಗಿಸಿ ಹೇಳು!"

"ಅದೇ ಕಣೇ ಆಗ್ತಿಲ್ಲ!"