ಗಡ್ಡೆ ನಾಯಿಗೆ, ಗಾಬರಿ ಮನೆಯವರಿಗೆ

ನಾಯಿ, ಬೆಕ್ಕುಗಳ ಹೊಟ್ಟೆಯಲ್ಲಿ ಗಡ್ಡೆ ಆಗಿದೆಯೋ ಇಲ್ಲವೋ ಅಂತ ಹುಡುಕುವುದು, ಆಗಿದ್ದರೆ ಆಪರೇಷನ್ನೋ ಮಾತ್ರೆಯೋ ಅಂತ ನಿರ್ಧರಿಸುವುದು ನನ್ನ ಕೆಲಸ. ಮುಂಬಯಿ ಪಕ್ಕದ ಡೊಂಬಿವಲಿ ಪೂರ್ವದ ಒಂದು ಹಳೆಯ ವಸತಿ ಸೊಸೈಟಿಯ ಕೆಳಮಹಡಿಯಲ್ಲಿ ನನ್ನ ಕ್ಲಿನಿಕ್ಕಿದೆ. ಮೇಲ್ನೋಟಕ್ಕೆ ಇದು ನಗುವ ಕೆಲಸವಲ್ಲ. ಒಳಗೆ ಬರುವವರ ಮುಖದಲ್ಲಿ ಭಯ ಇರುತ್ತದೆ, ಹೊರಗೆ ಹೋಗುವವರಲ್ಲಿ ಕೆಲವರ ಕಣ್ಣಲ್ಲಿ ನೀರಿರುತ್ತದೆ. ಆದರೆ ನನ್ನ ರೋಗಿಗೆ ಮಾತು ಬರುವುದಿಲ್ಲವಲ್ಲ, ಅದರ ಪರವಾಗಿ ಇಡೀ ಮನೆ ಮಾತಾಡುತ್ತದೆ. ಹೆದರಿದ ಮನುಷ್ಯರು ಏನೇನು ಮಾತಾಡುತ್ತಾರೆ ಅನ್ನುವುದು ಅವರಿಗೇ ತಿಳಿದಿರುವುದಿಲ್ಲ. ಹಾಗಾಗಿ ಗಂಭೀರವಾಗಿ ಇರಬೇಕು ಅಂತ ನಾನು ಎಷ್ಟು ಗಟ್ಟಿ ಮನಸ್ಸು ಮಾಡಿದರೂ, ಆಗಾಗ ಇಂಥದ್ದು ನಡೆದೇ ನಡೆಯುತ್ತದೆ.

ಪ್ಯೂರ್ ವೆಜ್ ಬೆಕ್ಕು

ಕಲ್ಯಾಣದಲ್ಲಿ ಉಡುಪಿ ಕಡೆಯವರೊಬ್ಬರು ಸಸ್ಯಾಹಾರಿ ಹೋಟೆಲು ನಡೆಸುತ್ತಾರೆ. ಒಂದು ಬೆಳಿಗ್ಗೆ ತರಕಾರಿ ಬುಟ್ಟಿಗೆ ಟವೆಲು ಮುಚ್ಚಿ, ಅದರೊಳಗೆ ಬೂದು ಬಣ್ಣದ ಮುದಿ ಬೆಕ್ಕೊಂದನ್ನು ತಂದರು. ಬಹಳ ದಿನದಿಂದ ವಾಂತಿ ಮಾಡುತ್ತಿತ್ತಂತೆ. ಬೆನ್ನು ಸವರಿದರೆ ಮೂಳೆ ಕೈಗೆ ಸಿಗುವಷ್ಟು ಸೊರಗಿತ್ತು.

"ಊಟಕ್ಕೆ ಎಂತ ಕೊಡ್ತೀರಿ?" ಅಂದೆ. ನಾನೂ ಆ ಕಡೆಯವಳೇ.

"ಇಡ್ಲಿ, ಹಾಲು, ಒಮ್ಮೊಮ್ಮೆ ತುಪ್ಪ ಅನ್ನ. ನಮ್ಮದು ಪ್ಯೂರ್ ವೆಜ್ ಅಲ್ವಾ ಡಾಕ್ಟ್ರೇ, ಅದೂ ಹಾಗೆಯೇ ಬೆಳೆದದ್ದು."

"ಮೀನು?"

"ಛೆ ಛೆ! ಮೀನು ಅಂದ್ರೆ ಎಂತದು ಅಂತ ಅದಕ್ಕೆ ಗೊತ್ತೇ ಇಲ್ಲ."

ಎಕ್ಸ್‌ರೇ ತೆಗೆದೆವು. ಹೊಟ್ಟೆಯ ಜಾಗದಲ್ಲಿ ಬೆಳ್ಳಗೆ, ಸೂಜಿಯ ಹಾಗೆ ಏನೋ ಕಂಡಿತು.

"ಇದೆಂತ, ಇದೇ ಕಾಯಿಲೆಯಾ?" ಅಂತ ಅವರು ಬಗ್ಗಿ ನೋಡಿದರು.

"ಅಲ್ಲ, ಮೀನಿನ ಮುಳ್ಳು."

ಅವರು ಎದ್ದು ಹೋಗಿ ಬಾಗಿಲು ಹಾಕಿ ಬಂದರು. "ಮೆಲ್ಲ ಹೇಳಿ ಮಾರಾಯ್ರೆ! ಹೊರಗೆ ನಮ್ಮ ಹೋಟೆಲಿನ ಗಿರಾಕಿ ಒಬ್ಬರು ನಾಯಿ ಹಿಡ್ಕೊಂಡು ಕೂತಿದ್ದಾರೆ."

ಆದರೆ ರೋಗ ಮುಳ್ಳಿನದ್ದಾಗಿರಲಿಲ್ಲ. ಸೋನೋಗ್ರಫಿ ಸ್ಕ್ಯಾನಿನಲ್ಲಿ ಕರುಳಿನ ಗೋಡೆ ದಪ್ಪಗಾಗಿತ್ತು. ಸಣ್ಣ ತುಂಡು ತೆಗೆದು ಪರೀಕ್ಷೆಗೆ ಕಳಿಸಿದಾಗ ನಿಧಾನವಾಗಿ ಬೆಳೆಯುವ ಜಾತಿಯ ಕ್ಯಾನ್ಸರ್ ಅಂತ ಬಂತು. ಕೇಳಿದ್ದೇ ಅವರು ಬೆಕ್ಕಿನ ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡರು. "ಲಾಕ್‌ಡೌನಿನಲ್ಲಿ ಕೆಲಸದವರೆಲ್ಲ ಊರಿಗೆ ಹೋದ್ರು. ಆಗ ಹೋಟೆಲಲ್ಲಿ ಉಳಿದದ್ದು ನಾವಿಬ್ಬರೇ. ನಾನು ಮಾತಾಡಿದ್ದು ಇದರ ಹತ್ರ ಮಾತ್ರ" ಅಂದರು.

ಈ ಜಾತಿಯದ್ದಾದರೆ ಮಾತ್ರೆಯಲ್ಲೇ ಎಷ್ಟೋ ಬೆಕ್ಕುಗಳು ಬಹಳ ಕಾಲ ಸುಖವಾಗಿರುತ್ತವೆ ಅಂತ ಧೈರ್ಯ ಹೇಳಿದೆ. ಜೊತೆಗೆ, ಇಡ್ಲಿ ಸಾಲದು, ಬೇಯಿಸಿದ ಮೀನೋ ಕೋಳಿಯೋ ಕೊಡಬೇಕು ಅಂದೆ. ಅವರು ತುಂಬ ಹೊತ್ತು ಯೋಚಿಸಿ, "ಹಾಗಾದ್ರೆ ಮೀನನ್ನೂ ಔಷಧಿ ಚೀಟಿಯಲ್ಲೇ ಬರೆದು ಕೊಡಿ" ಅಂದರು. ಬರೆದುಕೊಟ್ಟೆ.

ಮುಂದಿನ ಸಲ ಬಂದಾಗ ಬೆಕ್ಕು ಮೈ ತುಂಬಿಕೊಂಡಿತ್ತು. "ಮೀನು ಯಾರು ಬೇಯಿಸ್ತಾರೆ?" ಅಂತ ಕೇಳಿದೆ.

"ಹಿಂದಿನ ಬಿಲ್ಡಿಂಗಿನ ಒಬ್ಬರು ಮರಾಠಿ ಆಯಿ. ನಿಮ್ಮ ಚೀಟಿ ತಕೊಂಡು ಹೋಗಿ ಕೇಳಿದ್ರೆ ಅವರು ನಗ್ತಾರೆ! ಇದು ಎಷ್ಟೋ ವರ್ಷದಿಂದ ದಿನಾ ಮಧ್ಯಾಹ್ನ ಅಲ್ಲಿಗೇ ಊಟಕ್ಕೆ ಹೋಗ್ತಿತ್ತಂತೆ. ಅಲ್ಲಿ ಹೆಸರೂ ಬೇರೆ ಉಂಟು." ಬುಟ್ಟಿಗೆ ಟವೆಲು ಮುಚ್ಚುತ್ತ ಹೇಳಿದರು: "ನನ್ನ ಬೆಕ್ಕು ಅಂತ ತಿಳ್ಕೊಂಡಿದ್ದೆ ಡಾಕ್ಟ್ರೇ. ನಾನು ಅದರ ಚಾದಂಗಡಿ, ಅಷ್ಟೇ."

ಜೆಪ್ಪು

ಠಾಣೆಯಲ್ಲಿ ಪ್ರಾಣಿಗಳಿಗೆ ಸೋನೋಗ್ರಫಿ ಮಾಡುವ ಒಬ್ಬ ಮರಾಠಿ ಡಾಕ್ಟರಿದ್ದಾರೆ. ನಾನು ಕಳಿಸಿದ ನಾಯಿಯೊಂದು ಅವರ ಮೇಜಿನ ಮೇಲೆ ಮಲಗಲು ಸುತರಾಂ ಒಪ್ಪಲಿಲ್ಲ. ಮರಾಠಿಯಲ್ಲಿ ಹೇಳಿದರು, ಹಿಂದಿಯಲ್ಲಿ ಮುದ್ದು ಮಾಡಿದರು, ಇಂಗ್ಲಿಷಿನಲ್ಲಿ ಗದರಿದರು. ನಾಯಿ ಕಂಬದ ಹಾಗೆ ನಿಂತೇ ಇತ್ತು. ಕೊನೆಗೆ ಹೊರಗಿದ್ದ ಮಾಲಕಿಯನ್ನು ಕರೆಸಿದರು. ಮಂಗಳೂರು ಕಡೆಯ ಆ ಹೆಂಗಸು ಒಳಗೆ ಬಂದು "ಜೆಪ್ಪು" ಅಂದದ್ದೇ ತಡ, ನಾಯಿ ನಾಲ್ಕೂ ಕಾಲು ಚಾಚಿ ಮಲಗಿತು.

ಡಾಕ್ಟರು ನನಗೆ ಫೋನು ಮಾಡಿ, "ಏನದು ಮಂತ್ರ?" ಅಂದರು.

"ಮಂತ್ರವಲ್ಲ, ತುಳು. ಮಲಗು ಅಂತ ಅರ್ಥ."

ಅಂದಿನಿಂದ ಅವರು ಬಂದ ನಾಯಿಗಳಿಗೆಲ್ಲ ಜೆಪ್ಪು ಅನ್ನುತ್ತಾರೆ. ಗುಜರಾತಿಗಳ ಮನೆಯ ನಾಯಿಯೂ ಮಲಗುತ್ತದಂತೆ. ಮೊನ್ನೆ ಸಿಕ್ಕಾಗ ಹೇಳಿದರು: "ನಾಯಿಗಳದ್ದು ಸರಿ ಹೋಯಿತು ಮೇಡಂ. ಅವುಗಳ ಯಜಮಾನರನ್ನು ಸುಮ್ಮನಿರಿಸೋಕೆ ತುಳುವಿನಲ್ಲಿ ಏನಾದರೂ ಇದೆಯಾ?"

ಬ್ರೌನಿಯ ತುಂಡು

ಡೊಂಬಿವಲಿಯ ಒಬ್ಬ ಹೆಂಗಸು ಠಾಣೆಯ ಆಫೀಸೊಂದರಲ್ಲಿ ಕೆಲಸ ಮಾಡುತ್ತಾರೆ. ಗಂಡ ತೀರಿಕೊಂಡಿದ್ದಾರೆ, ಮನೆಯಲ್ಲಿ ಅವರು ಮತ್ತು ನಾಯಿ. ನಾಯಿಗೆ ಮಲದಲ್ಲಿ ರಕ್ತ ಬರುತ್ತಿತ್ತು. ನೋಡಿದರೆ ಗುದದ್ವಾರದ ಒಳಗೆ ಒಂದು ಸಣ್ಣ ಗಡ್ಡೆ. ಅದನ್ನು ತೆಗೆದು ಔಷಧಿ ನೀರಿನ ಡಬ್ಬಿಯಲ್ಲಿ ಹಾಕಿದೆ. ಒಳ್ಳೆಯದೋ ಕೆಟ್ಟದ್ದೋ ಅಂತ ಲ್ಯಾಬಿನವರು ನೋಡಿ ಹೇಳಬೇಕು. ಅವತ್ತು ಕೊರಿಯರ್ ಬಂದಿರಲಿಲ್ಲ. "ಲ್ಯಾಬು ನನ್ನ ಆಫೀಸಿನ ಪಕ್ಕದಲ್ಲೇ ಇದೆ, ಬೆಳಿಗ್ಗೆ ನಾನೇ ಕೊಡ್ತೀನಿ" ಅಂದರು. ಡಬ್ಬಿಯ ಬಾಯಿ ಭದ್ರ ಮಾಡಿ, ಎರಡು ಚೀಲದೊಳಗಿಟ್ಟು ಕೊಟ್ಟೆ.

ಅವರದ್ದು ದಿನಾ ಒಂದೇ ಲೋಕಲ್ ರೈಲು, ಒಂದೇ ಲೇಡೀಸ್ ಬೋಗಿ, ಅದೇ ಗೆಳತಿಯರ ಗುಂಪು. ಯಾರು ಏನು ತಂದರೂ ಹಂಚಿ ತಿನ್ನುವ ಗುಂಪು. ಮರುದಿನ ಬೆಳಿಗ್ಗೆ ಇವರು ಚೀಲವನ್ನು ಎದೆಗೆ ಅವಚಿಕೊಂಡು ಕೂತದ್ದನ್ನು ನೋಡಿ ಒಬ್ಬಳಿಗೆ ಅನುಮಾನ ಬಂತು.

"ಏನೇ ಅದು, ನಮಗೆ ಕಾಣದ ಹಾಗೆ ಮುಚ್ಚಿಟ್ಟಿದ್ದೀಯ?"

ಮನಸ್ಸು ಎಲ್ಲೋ ಇದ್ದ ಇವರು, "ಬ್ರೌನಿ" ಅಂದರು. ಅದು ನಾಯಿಯ ಹೆಸರು.

"ಬ್ರೌನೀನಾ? ಚಾಕಲೇಟ್ ಕೇಕಾ? ಒಂದೊಂದು ತುಂಡು ಕೊಡು ಮತ್ತೆ!"

"ತುಂಡು ಇರೋದೇ ಒಂದು. ಅದನ್ನ ಲ್ಯಾಬಿನವರು ಕತ್ತರಿಸಿ ನೋಡ್ಬೇಕು" ಅಂದ ಇವರಿಗೆ ಅಲ್ಲೇ ಅಳು ಬಂದುಬಿಟ್ಟಿತು. ವಿಷಯ ತಿಳಿದ ಮೇಲೆ ಆ ಹೆಂಗಸರು ಒಬ್ಬರಾದ ಮೇಲೆ ಒಬ್ಬರು ಇವರ ಬೆನ್ನು ಸವರಿದರು. ಆ ನೂಕುನುಗ್ಗಲಿನಲ್ಲಿ ಡಬ್ಬಿಗೆ ಏನೂ ಆಗದಿರಲಿ ಅಂತ ನಾಲ್ಕು ಜನ ಸುತ್ತ ನಿಂತು ಠಾಣೆಯಲ್ಲಿ ಇಳಿಸಿದರಂತೆ. ಗಂಡ ಹೋದಾಗಲೂ ತನ್ನ ಜೊತೆ ಹೀಗೆ ಇಷ್ಟು ಜನ ನಿಂತಿರಲಿಲ್ಲ ಅಂತ ಆಮೇಲೆ ಅವರು ನನಗೆ ಹೇಳಿದರು.

ರಿಪೋರ್ಟು ಬಂತು. ಕೆಟ್ಟ ಗಡ್ಡೆಯಲ್ಲ, ತೆಗೆದದ್ದೇ ಚಿಕಿತ್ಸೆ. ಆ ಖುಷಿಗೆ ಇವರು ಬೇಕರಿಯಿಂದ ಒಂದು ದೊಡ್ಡ ಡಬ್ಬಿ ನಿಜವಾದ ಬ್ರೌನಿ ಕೊಂಡು ಲೋಕಲ್ಲಿಗೆ ಹೋದರು. ಮುಚ್ಚಳ ತೆಗೆದು ಎಲ್ಲರ ಮುಂದೆ ಹಿಡಿದರು.

ಒಬ್ಬಳೂ ಕೈ ಹಾಕಲಿಲ್ಲವಂತೆ. ಇಡೀ ಡಬ್ಬಿಯನ್ನು ತಂದು ನಮ್ಮ ಕ್ಲಿನಿಕ್ಕಿಗೆ ಕೊಟ್ಟರು. ನಾವು ಇಂಥದ್ದಕ್ಕೆಲ್ಲ ಹೇಸುವವರಲ್ಲ.

ಯಾರಿಗೂ ಹೇಳಬ್ಯಾಡ್ರಿ

ಕಲ್ಯಾಣದ ರೈಲ್ವೆಯಲ್ಲಿ ಗಾಡಿ ಓಡಿಸಿ ನಿವೃತ್ತರಾದ ಧಾರವಾಡ ಕಡೆಯ ಅಜ್ಜ ಒಬ್ಬರಿದ್ದಾರೆ. ಅವರ ಮುದಿ ನಾಯಿಗೆ ಕರುಳಿನಲ್ಲಿ ಗಡ್ಡೆಯಾಗಿ, ಅದು ಯಕೃತ್ತಿಗೂ ಹರಡಿತ್ತು. ಕತ್ತರಿ ಹಾಕುವ ಹಂತ ದಾಟಿತ್ತು. ನೋವು, ವಾಂತಿ ನಿಲ್ಲಿಸಿ, ಹಸಿವು ಬರುವ ಹಾಗೆ ಮಾಡಿ, ಉಳಿದ ದಿನ ಸುಖವಾಗಿಡುವುದಷ್ಟೇ ನನ್ನ ಕೈಯಲ್ಲಿತ್ತು.

ಮೊದಲು ವಿಷಯ ತಿಳಿದದ್ದು ಸೊಸೆಗೆ. "ಮಾವನೋರಿಗೆ ಹೇಳಬ್ಯಾಡ್ರಿ ಡಾಕ್ಟರ್, ಬಿಪಿ ಐತಿ" ಅಂದಳು. ಸಂಜೆ ಮಗ ಬಂದ. ಅವನಿಗೂ ಹೇಳಿದೆ. "ನನ್ನ ಹೆಂಡ್ತಿಗೆ ಹೇಳಬ್ಯಾಡ್ರಿ, ಊಟಾ ಬಿಡ್ತಾಳ" ಅಂದ. ಕಾಲೇಜಿಗೆ ಹೋಗುವ ಮೊಮ್ಮಗಳು ಫೋನಿನಲ್ಲಿ ಎಲ್ಲ ಬಿಡಿಸಿ ಕೇಳಿಕೊಂಡು, "ಆಂಟಿ, ಘರ್ ಮೇ ಕಿಸೀಕೋ ಮತ್ ಬತಾನಾ" ಅಂತ ಹಿಂದಿಯಲ್ಲಿ ಅದನ್ನೇ ಅಂದಳು. ಕೊನೆಗೆ ಅಜ್ಜ ಒಬ್ಬರೇ ಬಂದು ಬಾಗಿಲು ಹಾಕಿದರು. ನಾನು ಬಾಯಿ ತೆರೆಯುವ ಮೊದಲೇ, "ನೀವೇನೂ ಹೇಳೂದು ಬ್ಯಾಡ. ಸಿಗ್ನಲ್ ಕೆಂಪು ಆದದ್ದು ಗಾಡಿ ಓಡಿಸಿದಾಂವಗ ದೂರದಿಂದನ ಕಾಣತೈತಿ. ಆದರ ಹುಡುಗರಿಗೆ ಹೇಳಬ್ಯಾಡ್ರಿ, ಸಣ್ಣವು, ಹೆದರತಾವ" ಅಂದರು. ಆ ಸಣ್ಣ ಹುಡುಗರಲ್ಲಿ ಒಬ್ಬನಾದ ಮಗನ ಕೂದಲೂ ನರೆತಿತ್ತು.

ಮುಂದಿನ ತಪಾಸಣೆಗೆ ನಾಲ್ವರೂ ಒಟ್ಟಿಗೆ ಬಂದರು. ನಾಯಿಯನ್ನು ತಕ್ಕಡಿಯ ಮೇಲೆ ನಿಲ್ಲಿಸಿದರೆ ತೂಕ ಏರಿತ್ತು. ನನಗೇ ನಂಬಿಕೆ ಬರಲಿಲ್ಲ.

"ಏನೇನು ತಿನ್ನಿಸ್ತಿದ್ದೀರಿ?"

ನಾಲ್ವರೂ ನಾಲ್ಕು ಗೋಡೆ ನೋಡಿದರು. ಆಮೇಲೆ ಒಂದೊಂದಾಗಿ ಹೊರಬಂತು. ಸೊಸೆ ಬೆಳಿಗ್ಗೆ ಮೊಟ್ಟೆ, ಮಗ ಆಫೀಸಿನಿಂದ ಬರುವಾಗ ಕೋಳಿ, ಮೊಮ್ಮಗಳು ಪನೀರು, ಅಜ್ಜ ವಾಕಿಂಗಿನ ನೆಪದಲ್ಲಿ ಪೇಢೆ. ಪ್ರತಿಯೊಬ್ಬರೂ ಉಳಿದ ಮೂವರಿಗೆ ಗೊತ್ತಾಗದ ಹಾಗೆ! ಯಾಕೆ ಅಂತ ಯಾರೂ ಯಾರನ್ನೂ ಕೇಳಬೇಕಾಗಲಿಲ್ಲ. ಸೊಸೆ ಮಾವನ ಮುಖ ನೋಡಿದಳು, ಮಾವ ಮೊಮ್ಮಗಳ ಮುಖ ನೋಡಿದರು. ಎಲ್ಲರೂ ಒಟ್ಟಿಗೆ ನಕ್ಕರು, ಒಟ್ಟಿಗೆ ಅತ್ತರು. ನಾನು ಪೇಢೆ ಮಾತ್ರ ಕೊಡಬೇಡಿ ಅಂದೆ.

ಕೆಲವು ವಾರಗಳ ಮೇಲೆ ಅಜ್ಜನ ಫೋನು ಬಂತು. "ಹ್ವಾದನ್ರೀ. ನಮ್ಮ ನಡುವನ, ನಿದ್ದಿ ಮಾಡಿದಂಗ ಹ್ವಾದ." ಹಿಂದೆ ಏನೋ ಗದ್ದಲ ಕೇಳುತ್ತಿತ್ತು. "ಅದೇನು ಸದ್ದು?" ಅಂದೆ.

"ಕಡೀ ತುತ್ತು ಯಾರ ಕೈಯಾಂದು ಅಂತ ಮೂರೂ ಮಂದಿ ವಾದಾ ಹಾಕಾಕ ಹತ್ಯಾರ. ನಂದ ಅಂತ ನಾ ಇನ್ನೂ ಹೇಳಿಲ್ರಿ. ಪೇಢೆ ಅಂದ್ರ ನೀವು ಬೈತೀರಿ."

ಕರಿ ಗಡ್ಡೆ

ನವಿ ಮುಂಬಯಿಯ ವಾಶಿಯಲ್ಲಿ ಒಬ್ಬ ತರುಣ ತಾಯಿಯ ಜೊತೆ ಇದ್ದಾನೆ. ಕುಂದಾಪುರ ಕಡೆಯವರು. ಮದುವೆ ನಿಶ್ಚಯವಾಗಿತ್ತು. ಅವರ ಬಿಳಿ ಲ್ಯಾಬ್ರಡಾರ್ ನಾಯಿ ತಿಂದದ್ದೆಲ್ಲ ವಾಂತಿ ಮಾಡುತ್ತಿತ್ತು. ಹೊಟ್ಟೆ ಒತ್ತಿ ನೋಡಿದರೆ ಕೈಗೆ ಗಟ್ಟಿಯಾಗಿ ಏನೋ ಸಿಗುತ್ತಿತ್ತು. ಸೋನೋಗ್ರಫಿಯವರು, ಜಠರದ ಕೆಳಬಾಯಿಯಲ್ಲಿ ಗಡ್ಡೆ ಇರಬಹುದು, ಬೇರೆ ವಸ್ತುವೂ ಇರಬಹುದು ಅಂತ ಬರೆದಿದ್ದರು.

ಹಾಗಾಗಿ ಕೇಳಲೇಬೇಕಾದ ಪ್ರಶ್ನೆ ಕೇಳಿದೆ. "ಮನೆಯಲ್ಲಿ ಈಚೆಗೆ ಏನಾದರೂ ಕಾಣೆಯಾಗಿದೆಯಾ? ಕಾಲುಚೀಲ, ಚೆಂಡು, ಬಟ್ಟೆ?"

ತರುಣ ತಲೆಯ ಮೇಲಿದ್ದ ಕ್ರಿಕೆಟ್ ಟೋಪಿಯನ್ನು ಇನ್ನಷ್ಟು ಕೆಳಗೆಳೆದುಕೊಂಡು, "ಏನೂ ಇಲ್ಲ" ಅಂದ. ತಾಯಿ ಏನೋ ಹೇಳಲು ಹೊರಟರು. "ಅಮ್ಮ, ನೀವು ಸುಮ್ನಿರಿ" ಅಂದ. ಪಕ್ಕದಲ್ಲಿ ಅವನನ್ನು ಮದುವೆಯಾಗಲಿರುವ ಹುಡುಗಿ ಕೂತಿದ್ದಳು. ನಾಯಿಯ ಮೇಲಿನ ಪ್ರೀತಿಗೆ ರಜೆ ಹಾಕಿ ಬಂದಿದ್ದಳು.

ಏನೇ ಇರಲಿ, ದಾರಿ ಮುಚ್ಚಿದೆ, ಹೊಟ್ಟೆ ತೆರೆಯಲೇಬೇಕು ಅಂದೆ. ಕ್ಯಾನ್ಸರ್ ಆಗಿದ್ದರೆ ಎಷ್ಟು ದಿನ ಅಂತ ತರುಣ ಕೇಳಿದ. ತಂದೆ ಹೊಟ್ಟೆಯ ಕ್ಯಾನ್ಸರಿನಲ್ಲೇ ಹೋದದ್ದಂತೆ. ಈ ನಾಯಿಯನ್ನು ಮರಿಯಾಗಿದ್ದಾಗ ಮನೆಗೆ ತಂದವರು ಅವರೇ. ಹುಡುಗಿ ಅವನ ಕೈ ಹಿಡಿದುಕೊಂಡಳು.

ಜಠರ ತೆರೆದೆ. ಕರ್ರಗಿನ, ಅಂಟಂಟಾದ, ತೆಂಗಿನಕಾಯಿಯಷ್ಟು ದೊಡ್ಡ ಮುದ್ದೆ ಹೊರಬಂತು. ಗಡ್ಡೆಯಲ್ಲ, ಕೂದಲು. ನನ್ನ ಸಹಾಯಕಿ ನಾಯಿಯನ್ನು ನೋಡಿದಳು, ಮುದ್ದೆಯನ್ನು ನೋಡಿದಳು. "ಮೇಡಂ, ನಾಯಿ ಬಿಳಿ, ಕೂದಲು ಕರಿ!" ಅಂದಳು. ತೊಳೆದು ಬಿಡಿಸಿದರೆ ಒಳಗೆ ಬಲೆಯಂಥ ಬಟ್ಟೆ, ಬದಿಯಲ್ಲಿ ಸಣ್ಣ ಕ್ಲಿಪ್ಪು.

ಹೊಲಿಗೆ ಮುಗಿಸಿ, ಟ್ರೇ ಹಿಡಿದು ಹೊರಗೆ ಬಂದೆ. "ಕ್ಯಾನ್ಸರ್ ಅಲ್ಲ! ನಾಯಿ ಚೆನ್ನಾಗಿದೆ. ಇದು ಸಿಕ್ಕಿತು ನೋಡಿ" ಅಂದೆ.

ಮೂವರೂ ಟ್ರೇಯೊಳಗೆ ಬಗ್ಗಿದರು. ಖುಷಿಯಲ್ಲಿ ಮೈಮರೆತ ತಾಯಿ ಕೂಗಿಯೇಬಿಟ್ಟರು: "ಅಯ್ಯೋ, ನಿನ್ನ ಕೂದ್ಲು ಸಿಕ್ಕಿತಲ್ಲ ಮಗಾ! ಕಪಾಟಿನ ಹಿಂದೆಲ್ಲ ಹುಡುಕಿದೆ!"

ತರುಣನ ಮುಖ ಟ್ರೇಯಲ್ಲಿದ್ದುದಕ್ಕಿಂತ ಕಪ್ಪಾಯಿತು. ಆಮೇಲೆ ಅವನು ನಿಧಾನವಾಗಿ ಟೋಪಿ ತೆಗೆದ. ನೆತ್ತಿ ನಮ್ಮ ಆಪರೇಷನ್ ಕೋಣೆಯ ದೀಪದ ಹಾಗೆ ಹೊಳೆಯಿತು. "ಮದುವೆಗೆ ಮೊದಲು ಹೇಳ್ಬೇಕಂತಲೇ ಇದ್ದೆ" ಅಂದ, ಹುಡುಗಿಯ ಕಡೆ ನೋಡದೆ.

ಹುಡುಗಿ ನಗು ತಡೆಯಲಾರದೆ ಹೇಳಿದಳು: "ನಂಗೆ ಯಾವಾಗ್ಲೋ ಗೊತ್ತುಂಟು. ಸ್ಕೂಟರಲ್ಲಿ ಹಿಂದೆ ಕೂತವಳು ನಾನಲ್ವಾ? ಗಾಳಿ ಬಂದಾಗೆಲ್ಲ ನಿಮ್ಮ ಬೈತಲೆ ಹಿಂದೆ ಬಂದು ನನ್ನನ್ನೇ ನೋಡ್ತಿತ್ತು. ಪಾಪ, ಆ ನಾಯಿಗಾದ್ರೂ ಮೊದಲೇ ಹೇಳ್ಬಾರ್ದಿತ್ತಾ, ಅದು ತಿನ್ನೋದಲ್ಲ ಅಂತ?"

ಅವನೂ ನಕ್ಕ. ಅಳುತ್ತಲೇ ನಕ್ಕ. ಇಬ್ಬರೂ ನಾಯಿಗೆ ಎಚ್ಚರವಾಯಿತಾ ಅಂತ ನೋಡಲು ಒಳಗೆ ಓಡಿದರು. ತಾಯಿ ಮಾತ್ರ ಅಲ್ಲೇ ನಿಂತು ಟ್ರೇಯನ್ನು ನೋಡುತ್ತಿದ್ದರು. ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು:

"ಡಾಕ್ಟ್ರೇ, ಒಳ್ಳೆ ಶಾಂಪೂ ಹಾಕಿ ತೊಳೆದ್ರೆ ಆಗ್ತದಾ? ಮದುವೆ ಫೋಟೋದ ಮಟ್ಟಿಗೆ ಒಂದು ದಿನ ನಿಂತ್ರೆ ಸಾಕಿತ್ತು."