ಲಾಡಿನ ಟ್ರೇಲರು, ಮೂವತ್ತೈದರ ವೇಗ

ಜೀಪಿಗೆ ಟ್ರೇಲರು ಕಟ್ಟಿಕೊಂಡು ಎಷ್ಟು ವೇಗದಲ್ಲಿ ಹೋದರೆ ಸುರಕ್ಷಿತ, ಎಷ್ಟು ವೇಗದಲ್ಲಿ ಹೋದರೆ ಪೆಟ್ರೋಲು ಉಳಿಯುತ್ತದೆ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಇಡೀ ನಿಪ್ಪಾಣಿಯಲ್ಲಿ ನನ್ನೊಬ್ಬನಿಗೇ ಗೊತ್ತು ಎಂದು ನಾನು ಒಂದು ವಾರ ನಂಬಿದ್ದೆ. ಎಂಟನೆಯ ದಿನ ಚಿಕ್ಕೋಡಿ ಮುಟ್ಟುವುದರೊಳಗೆ ಆ ನಂಬಿಕೆ ಹೋಯಿತು.

ಎಂಬತ್ತರ ದಶಕದ ಕೊನೆಯ ಮಾತು. ಆಗ ನಾನು ನಿಪ್ಪಾಣಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮಿಲಿಟರಿ ಹರಾಜಿನಲ್ಲಿ ಬಂದಿದ್ದ ಒಂದು ಹಳೆಯ ಜೀಪನ್ನು, ಅದರ ಹಿಂದೆ ಕಟ್ಟುವ ಎರಡು ಗಾಲಿಯ ಸಣ್ಣ ಟ್ರೇಲರಿನ ಸಮೇತ, ಕೊಂಡು ಮೂರು ತಿಂಗಳಾಗಿತ್ತು. ಮಾಸ್ತರನಿಗೆ ಟ್ರೇಲರು ಯಾಕೆ ಎಂದು ಕೇಳಿದವರಿಗೆಲ್ಲ "ಬೇಕಾಗತೈತಿ" ಎಂದಷ್ಟೇ ಹೇಳುತ್ತಿದ್ದೆ. ಯಾಕೆ ಬೇಕಾಗುತ್ತದೆ ಎಂದು ನನಗೂ ತಿಳಿದಿರಲಿಲ್ಲ.

ತಿಳಿದದ್ದು ಅಕ್ಕನ ಹಿರಿಯ ಮಗಳ ಮದುವೆ ನಿಶ್ಚಯವಾದಾಗ. ಅಕ್ಕನ ಮನೆ ಉಗಾರ ಬುದ್ರುಕದಲ್ಲಿ, ನಮ್ಮಿಂದ ಎಪ್ಪತ್ತು ಕಿಲೋಮೀಟರ್ ದೂರ. ಮದುವೆಯ ಹಿಂದಿನ ಸಂಜೆ ಬೀಗರು ಬರುವವರಿದ್ದರು, ಅವರಿಗೆ ಊಟವಾಗಬೇಕು. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ನಮ್ಮಂಥವರು ಆಗೀಗ ಅದನ್ನು ತಪ್ಪಿಸುವುದುಂಟು. ಆದರೆ ಬೀಗರ ಮನೆಯವರು ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಐದು ಗಂಟೆಗೆ ಪಂಕ್ತಿ ಕೂಡಬೇಕು, ಆರರೊಳಗೆ ಎಲ್ಲರೂ ಕೈ ತೊಳೆದಿರಬೇಕು. ಆ ಊಟಕ್ಕೆ ಬೇಕಾದ ಬೂಂದಿ ಲಾಡು, ತುಪ್ಪದ ಡಬ್ಬಿ, ಬಡಿಸುವ ಹಿತ್ತಾಳೆ ಕೊಳಗಗಳನ್ನು ನಿಪ್ಪಾಣಿಯಿಂದ ತರುವ ಹೊಣೆಯನ್ನು ಮದುಮಗಳ ಸೋದರಮಾವನಾದ ನಾನು ಹೊತ್ತುಕೊಂಡೆ. ಯಾರೂ ಹೊರಿಸಿದ್ದಲ್ಲ.

ಹೊತ್ತ ಮೇಲೆ ಅದನ್ನು ಶಾಸ್ತ್ರೀಯವಾಗಿ ಮಾಡುವುದೆಂದು ನಿಶ್ಚಯಿಸಿದೆ. ಶಾಲೆ ಬಿಟ್ಟ ಮೇಲೆ ನಾಲ್ಕು ಸಂಜೆ ಖಾಲಿ ಟ್ರೇಲರು ಕಟ್ಟಿಕೊಂಡು ಪುಣೆ ಹೆದ್ದಾರಿಗೆ ಹೋದೆ. ಒಂದೊಂದು ಲೀಟರ್ ಪೆಟ್ರೋಲು ಅಳೆದು ಹಾಕಿ, ಮೀಟರಿನ ಮುಳ್ಳು ಒಂದು ಸಂಜೆ ಇಪ್ಪತ್ತರ ಮೇಲೆ, ಒಂದು ಸಂಜೆ ಮೂವತ್ತರ ಮೇಲೆ, ಹೀಗೆ ಓಡಿಸಿ ನೋಡಿದೆ. ಮನೆಗೆ ಬಂದು ಗ್ರಾಫ್ ಕಾಗದದ ಮೇಲೆ ಚುಕ್ಕೆ ಇಟ್ಟು ಗೆರೆ ಎಳೆದೆ. ಮೂವತ್ತೈದರಲ್ಲಿ ಪೆಟ್ರೋಲು ಎಲ್ಲಕ್ಕಿಂತ ಕಡಿಮೆ. ಮೂವತ್ತೈದು ಕಿಲೋಮೀಟರ್ ವೇಗಕ್ಕೆ ಯಾರಿಗೂ ಭಯವೂ ಇಲ್ಲ. ಸುರಕ್ಷತೆ ಮತ್ತು ಉಳಿತಾಯ ಒಂದೇ ಚುಕ್ಕೆಯಲ್ಲಿ ಕೂಡಿದ್ದನ್ನು ಕಂಡು ನನಗೆ ಆನಂದವಾಯಿತು. "ಉಚಿತ ವೇಗ: ೩೫" ಎಂದು ಒಂದು ಚೀಟಿ ಬರೆದು ಮೀಟರಿನ ಗಾಜಿನ ಕೆಳಭಾಗಕ್ಕೆ ಅಂಟಿಸಿದೆ. ಲೆಕ್ಕ ಸ್ಪಷ್ಟವಾಗಿತ್ತು. ಒಂದು ಗಂಟೆಗೆ ಹೊರಟರೆ ಮೂರಕ್ಕೆ ಉಗಾರ.

ಹೊರಡುವ ದಿನ ಸಾಮಾನು ಹೇರುವಾಗ ನೆರೆಮನೆಯ ದಸ್ತಗೀರ ಮಾಮಾ ಬಂದು ನಿಂತರು. ಮೂವತ್ತು ವರ್ಷ ಲಾರಿ ಹೊಡೆದು ಈಗ ಮನೆಯಲ್ಲಿರುವವರು.

"ಮಾಸ್ತರ್ರ, ವಜ್ಜಿ ಸಾಮಾನ ಎಲ್ಲಾ ಹಿಂದ ಯಾಕ ಇಟ್ಟೀರಿ? ಮುಂದ ಕೊಂಡಿ ಕಡೆ ಇಡ್ರಿ."

ನಾನು ತಾಳ್ಮೆಯಿಂದ ವಿವರಿಸಿದೆ. ತುಪ್ಪದ ಡಬ್ಬಿ, ಕೊಳಗಗಳು ಅಡಿಗೆಯವರಿಗೆ ಮೊದಲು ಬೇಕು, ಆದ್ದರಿಂದ ಹಿಂದಿನ ಬಾಗಿಲ ಬಳಿ ಇರಬೇಕು. ಎರಡನೆಯದಾಗಿ, ಹಿಂದೆ ಭಾರವಿದ್ದರೆ ಸನ್ನೆಗೋಲಿನ ನಿಯಮದಂತೆ ಟ್ರೇಲರಿನ ಮೂತಿ ಮೇಲೇಳುತ್ತದೆ. ಜೀಪಿನ ಮೇಲೆ ಭಾರ ಕಡಿಮೆಯಾಗಿ ಪೆಟ್ರೋಲು ಉಳಿಯುತ್ತದೆ.

"ಅದು ನನಗ ತಿಳಿಯಂಗಿಲ್ರಿ," ಎಂದರು ಮಾಮಾ. "ಬಾಲ ವಜ್ಜಿ ಆದ್ರ ಟ್ರೇಲರ ಬೀಸಾಕ ಹತ್ತತೈತಿ, ಅಷ್ಟ ಗೊತ್ತ. ಹಾಂಗ ಬೀಸಿದ್ರ ಬ್ರೇಕ್ ಮ್ಯಾಲ ಕಾಲ ಇಡಬ್ಯಾಡ್ರಿ. ಹಗೂರಕ ರೇಸಿನ ಮ್ಯಾಲಿಂದ ಕಾಲ ತಗೀರಿ, ತಾನ ನಿಲ್ಲತೈತಿ."

ಅವರು ನನಗೆ ಹೇಳುತ್ತಿದ್ದರು. ಕೇಳಿಸಿಕೊಂಡವಳು ನನ್ನ ಹೆಂಡತಿ ಸುನಂದಾ.

ಸರಿಯಾಗಿ ಒಂದಕ್ಕೆ ಹೊರಟೆವು. ಊರು ದಾಟಿ ಮುಳ್ಳನ್ನು ಮೂವತ್ತೈದರ ಮೇಲೆ ತಂದು ನಿಲ್ಲಿಸಿದೆ. ಮುಂದೆ ಹೋಗುತ್ತಿದ್ದ ಒಂದು ಬಸ್ಸು ಹತ್ತಿರ ಬಂತು, ಪಕ್ಕಕ್ಕೆ ಬಂತು, ಹಿಂದೆ ಬಿತ್ತು. ಪಾಪ, ಬಸ್ಸಿಗೆ ಏನೋ ತೊಂದರೆಯಿರಬೇಕು ಎಂದುಕೊಂಡೆ.

ಸುನಂದಾ ಸೆರಗು ಬಿಗಿ ಮಾಡಿಕೊಂಡಳು. "ರೀ, ಮೂವತ್ತೈದು ಅಂದ್ರ ಇಷ್ಟ ಜೋರ ಇರತೈತೇನ್ರಿ?"

"ಜೀಪಿಗೆ ಬಾಗಲಾ ಇಲ್ಲಲ್ಲ, ಗಾಳಿಗೆ ಹಾಂಗ ಅನಸತೈತಿ."

"ಗಿಡಾ ಎಲ್ಲಾ ಓಡಾಕತ್ತಾವು."

"ಅದಕ್ಕ ಸಾಪೇಕ್ಷ ಚಲನೆ ಅಂತಾರ," ಎಂದೆ.

ಚಿಕ್ಕೋಡಿ ಇನ್ನೂ ಎರಡು ಮೂರು ಕಿಲೋಮೀಟರ್ ಇರುವಾಗ ಒಂದು ಇಳುಕಲು ಬಂತು. ಅರ್ಧ ಇಳಿದಿದ್ದೆವು. ಹಿಂದಿನಿಂದ ಯಾರೋ ಜೀಪನ್ನು ಮೆಲ್ಲಗೆ ಎಡಕ್ಕೆ ಎಳೆದಂತಾಯಿತು. ನಂತರ ಬಲಕ್ಕೆ, ಮೊದಲಿಗಿಂತ ಜೋರಾಗಿ. ಕನ್ನಡಿಯಲ್ಲಿ ನೋಡಿದರೆ ಟ್ರೇಲರು ಕಾಣುತ್ತದೆ, ಮರುಗಳಿಗೆ ಇಲ್ಲ, ಮತ್ತೆ ಕಾಣುತ್ತದೆ. ಸ್ಟೇರಿಂಗು ನನ್ನ ಮಾತು ಕೇಳುವುದನ್ನು ಬಿಟ್ಟಿತು. ಎದುರಿನಿಂದ ಕಬ್ಬಿನ ಗಾಡಿಗಳ ಸಾಲು ಬರುತ್ತಿತ್ತು. ನನ್ನ ಬಲಗಾಲು ತಾನಾಗಿ ಬ್ರೇಕಿನ ಕಡೆ ಹೋಯಿತು.

ಸುನಂದಾ ನನ್ನ ಮೊಣಕಾಲನ್ನು ಗಟ್ಟಿಯಾಗಿ ಹಿಡಿದಳು. "ಬ್ರೇಕ್ ಬ್ಯಾಡ್ರಿ. ಕಾಲ ತಗೀರಿ. ಸುಮ್ಮನ ಕಾಲ ತಗೀರಿ."

ಕಾಲು ತೆಗೆದೆ. ಧೈರ್ಯದಿಂದಲ್ಲ, ಅವಳು ಎಳೆದದ್ದಕ್ಕೆ. ಟ್ರೇಲರು ಇನ್ನೂ ನಾಲ್ಕೈದು ಸಲ ಬೀಸಿ, ಸುಸ್ತಾದ ಎಮ್ಮೆಯಂತೆ ನಿಧಾನವಾಗಿ ನಮ್ಮ ಹಿಂದೆ ಬಂದು ಸೇರಿಕೊಂಡಿತು. ಜೀಪನ್ನು ಬದಿಗೆ ನಿಲ್ಲಿಸಿ ಇಳಿದೆ. ಅಲ್ಲೇ ಒಂದು ಕಲ್ಲಿನ ಮೇಲೆ ಕುಳಿತೆ. ಲಾಡಿನ ಬುಟ್ಟಿಗಳನ್ನು ನೋಡಿ, ಸಡಿಲಾದ ಹಗ್ಗ ಬಿಗಿದು ಬಂದವಳು ಅವಳೇ.

ಈಗ ಹೊಸ ವೇಗ ಆರಿಸಬೇಕಾಯಿತು. ಮೂವತ್ತೈದು ಅಪಾಯವಾದರೆ ಹತ್ತು ಸುರಕ್ಷಿತವಿರಲೇಬೇಕು. ಈ ತೀರ್ಮಾನಕ್ಕೆ ಗ್ರಾಫು ಬೇಕಾಗಲಿಲ್ಲ, ಭಯವೇ ಸಾಕಾಯಿತು.

"ಸಾಮಾನ ಮುಂದ ತಗೊಂಡ ಇಡೂಣೇನ್ರಿ?" ಎಂದಳು ಸುನಂದಾ.

"ಬ್ಯಾಡ. ತಪ್ಪು ವೇಗದ್ದು, ಸಾಮಾನಿಂದಲ್ಲ."

ಚಿಕ್ಕೋಡಿ ದಾಟಿ ಅಂಕಲಿ ಕಡೆ ಮುಳ್ಳು ಹತ್ತರ ಮೇಲಿಟ್ಟುಕೊಂಡು ಹೊರಟೆವು. ಜೋಡು ಟ್ರೇಲರು ಕಬ್ಬು ಎಳೆಯುವ ಟ್ರ್ಯಾಕ್ಟರುಗಳು ಒಂದಾದ ಮೇಲೊಂದು ನಮ್ಮನ್ನು ದಾಟಿ ಹೋದವು. ಆಮೇಲೆ ಒಂದು ಖಾಲಿ ಚಕ್ಕಡಿ ನಮ್ಮ ಪಕ್ಕಕ್ಕೆ ಬಂತು. ಕಬ್ಬು ಇಳಿಸಿ ಮನೆಗೆ ಹೊರಟ ಎತ್ತುಗಳಿಗೆ ಭಾರಿ ಉಮೇದಿ. ಸ್ವಲ್ಪ ದೂರ ನಾವಿಬ್ಬರೂ ಜೊತೆಯಾಗಿ ಓಡಿದೆವು.

"ಎಲ್ಲಿಗ್ರಿ ಪಾವಣ್ಯಾರ?" ಎಂದು ನೆಂಟರನ್ನು ಮಾತಾಡಿಸುವಂತೆ ಕೇಳಿದ ಗಾಡಿಯವನು.

"ಉಗಾರಕ್ಕ."

"ಯಾವಾಗಿನ ಕೆಲಸಕ್ಕ?"

"ಇವತ್ತ ಸಂಜಿಗೆ."

ಅವನು ನಮ್ಮ ಜೀಪನ್ನೂ ಸೂರ್ಯನನ್ನೂ ನೋಡಿದ. "ಹಂಗಾರ ನಾ ಮುಂದ ಹೋಗ್ತೀನ್ರಿ," ಎಂದು ಎತ್ತುಗಳ ಬಾಲ ಮುಟ್ಟಿ ನಿಜವಾಗಿಯೂ ಮುಂದೆ ಹೋದ.

ನಾವು ಪೂರ್ವಕ್ಕೆ ಹೋಗುತ್ತಿದ್ದೆವು. ಸೂರ್ಯ ಹಿಂದೆ, ಕನ್ನಡಿಯೊಳಗೆ ಇದ್ದ. ನೋಡಿದಾಗಲೆಲ್ಲ ಒಂದು ಬೆರಳಿನಷ್ಟು ಕೆಳಗಿಳಿದಿರುತ್ತಿದ್ದ. ಅಕ್ಕ ಬಾಗಿಲಲ್ಲಿ ನಿಂತು ದಾರಿ ನೋಡುವುದು, ಬೀಗರು ಬಾಳೆ ಎಲೆಯ ಮುಂದೆ ಸುಮ್ಮನೆ ಕುಳಿತಿರುವುದು ಕಣ್ಣಿಗೆ ಕಟ್ಟುತ್ತಿತ್ತು. ವೇಗ ಹೆಚ್ಚಿಸೋಣವೆಂದರೆ ಬೆನ್ನ ಹಿಂದೆ ಟ್ರೇಲರು. ಹೆಚ್ಚಿಸದಿದ್ದರೆ ಕನ್ನಡಿಯಲ್ಲಿ ಸೂರ್ಯ. ಎರಡರ ನಡುವೆ ನನ್ನ ಅಂಗಿ ಬೆವರಿನಿಂದ ಸೀಟಿಗೆ ಅಂಟಿಕೊಂಡಿತ್ತು.

ಅಂಕಲಿ ಹತ್ತಿರವಾದಾಗ ಜೀಪಿನ ಮೂತಿಯಿಂದ ಹಬೆ ಎದ್ದಿತು. ಸಣ್ಣ ಗೇರಿನಲ್ಲಿ ಒಂದೇ ಸಮ ಗುಂಯ್ಗುಟ್ಟಿ ಎಂಜಿನ್ ಕುದಿದು ಹೋಗಿತ್ತು. ನಿಲ್ಲಿಸಿದೆವು. ಸುನಂದಾ ಹೊಲದ ಕಾಲುವೆಯಿಂದ ಕೊಳಗದಲ್ಲಿ ನೀರು ತಂದಳು. ತಣಿಯುವವರೆಗೆ ರೇಡಿಯೇಟರಿನ ಮುಚ್ಚಳ ತೆಗೆಯಬಾರದೆಂಬುದು ನನಗೆ ಗೊತ್ತಿತ್ತು. ಆ ದಿನ ನಾನು ಸರಿಯಾಗಿ ತಿಳಿದುಕೊಂಡಿದ್ದ ಒಂದೇ ಸಂಗತಿ ಅದು. ಅದಕ್ಕೂ ಒಂದು ತಾಸು ಹೋಯಿತು.

ನಾಲ್ಕೂಕಾಲು ಗಂಟೆಗೆ ಕಬ್ಬಿನ ಟ್ರ್ಯಾಕ್ಟರೊಂದು ನಮ್ಮ ಮುಂದೆ ನಿಂತಿತು. ಚಾಲಕನ ಹೆಸರು ಮಾರುತಿ. ಸುನಂದಾ ಅವನಿಗೆ ಎಲ್ಲವನ್ನೂ ಹೇಳಿದಳು. ಹೇಳುವಾಗ ನನ್ನ ಕಡೆ ಒಮ್ಮೆಯೂ ನೋಡಲಿಲ್ಲ.

ಮಾರುತಿ ಮೊದಲು ಟ್ರೇಲರಿನ ಹಿಂಭಾಗ ನೋಡಿ ತಲೆ ಅಲ್ಲಾಡಿಸಿದ. ನಂತರ ಜೀಪಿನೊಳಗೆ ಬಗ್ಗಿ, "ಎಷ್ಟರ ಮ್ಯಾಲ ಬೀಸಿತ್ರಿ?" ಎಂದು ಕೇಳಿದ.

"ಬರೇ ಮೂವತ್ತೈದು. ನಾ ಪ್ರಯೋಗ ಮಾಡಿ ನೋಡಿನಿ."

ಅವನು ನನ್ನ ಚೀಟಿಯ ಅಂಚನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ ಗಾಜನ್ನು ಒರೆಸಿದ. ಚೀಟಿಯ ಅಡಿಯಲ್ಲಿ ಮೂರು ಸಣ್ಣ ಇಂಗ್ಲಿಷ್ ಅಕ್ಷರಗಳಿದ್ದವು.

"ಮಾಸ್ತರ್ರ, ಇದು ಮೈಲಿನ ಮೀಟರ ಐತ್ರಿ. ನಮ್ಮ ಸಾವಕಾರ್ರ ಕಡೆ ಇಂಥಾದ್ದ ಜೀಪ ಇತ್ತು. ಮೂವತ್ತೈದು ಅಂದ್ರ ಕಿಲೋಮೀಟರಿನ್ಯಾಗ ಐವತ್ತೈದರ ಮ್ಯಾಲ ಹೋತು. ಬಾಲಕ್ಕ ತುಪ್ಪ ಹೇರಿಕೊಂಡು ಅಷ್ಟ ಜೋರ ಹೋದ್ರ ಬೀಸದ ಏನ ಮಾಡತೈತ್ರಿ?"

ಉತ್ತರದ ಮುಂದೆ ಏಕಮಾನ ಬರೆಯದ ಹುಡುಗರಿಗೆ ನಾನು ಹದಿನಾಲ್ಕು ವರ್ಷದಿಂದ ಒಂದೊಂದು ಅಂಕ ಕಡಿಯುತ್ತಾ ಬಂದಿದ್ದೆ. ಅತ್ತ ಹುಡುಗರಿಗೂ ಕಡಿದಿದ್ದೆ. "ಬರೇ ಐದು ಅಂದರೆ ಏನು? ಐದು ಬದನೆಕಾಯೋ, ಐದು ಎಮ್ಮೆಯೋ?" ಎಂದು ಇಡೀ ತರಗತಿಯ ಮುಂದೆ ಕೇಳಿದ್ದೆ. ಇದೆಲ್ಲ ಸುನಂದಾಗೂ ಗೊತ್ತಿತ್ತು.

"ಇದಕ್ಕ ಎಷ್ಟ ಮಾರ್ಕ್ ಕಡೀತೀರಿ?" ಎಂದಳು.

ನಾನು ತುಪ್ಪದ ಡಬ್ಬಿ ಎತ್ತಿಕೊಂಡೆ. ಮೂವರೂ ಸೇರಿ ಭಾರದ ಸಾಮಾನನ್ನೆಲ್ಲ ಗಾಲಿಯಿಂದ ಸ್ವಲ್ಪ ಮುಂದಕ್ಕೆ ತಂದು, ಲಾಡಿನ ಬುಟ್ಟಿಗಳನ್ನು ಹಿಂದೆ ಇಟ್ಟು ಹಗ್ಗ ಬಿಗಿದೆವು. ಮಾರುತಿ ಜೀಪಿನ ರೇಡಿಯೇಟರಿಗೆ ನೀರು ಹಾಕಿ ಕೈ ಒರೆಸಿಕೊಂಡ. "ಇಪ್ಪತ್ತೈದರ ಮ್ಯಾಲ ಮುಳ್ಳ ಇಟ್ಟ ಹೋಗ್ರಿ, ನಲವತ್ತು ಕಿಲೋಮೀಟರ್ ಆಗತೈತಿ. ಎಂಜಿನ್ನೂ ಕುದಿಯಂಗಿಲ್ಲ, ಟ್ರೇಲರೂ ಬೀಸಂಗಿಲ್ಲ. ಪೆಟ್ರೋಲೂ ಹಿತವಾಗಿ ತಗೋತೈತಿ."

ನಾಲ್ಕು ಸಂಜೆಯ ಪ್ರಯೋಗ, ಗ್ರಾಫು, ಸನ್ನೆಗೋಲು ಎಲ್ಲ ಸೇರಿ ಸಿಗದ ಉತ್ತರವನ್ನು ಅವನು ಟ್ರ್ಯಾಕ್ಟರು ಹತ್ತುತ್ತಾ ಹೇಳಿ ಮುಗಿಸಿದ್ದ.

ಮುಳ್ಳು ಇಪ್ಪತ್ತೈದರ ಮೇಲಿಟ್ಟೆ. ಟ್ರೇಲರು ಸಾಕಿದ ಆಕಳಿನಂತೆ ಹಿಂದೆ ಬಂತು. ಕೃಷ್ಣೆಯ ಸೇತುವೆ ದಾಟಿದೆವು. ಕಾಗವಾಡ ದಾಟಿದೆವು. ಗಂಟೆ ಐದೂವರೆ. ಇನ್ನು ಮೂರೇ ಕಿಲೋಮೀಟರ್ ಎನ್ನುವಾಗ ಸಕ್ಕರೆ ಕಾರ್ಖಾನೆಗೆ ಹೊರಟ ಗಾಡಿಗಳ ಸಾಲಿನ ಹಿಂದೆ ಸಿಕ್ಕಿಕೊಂಡೆವು. ಅಲ್ಲಿ ಯಾವ ವೇಗವನ್ನೂ ಆರಿಸುವ ಸ್ವಾತಂತ್ರ್ಯ ನನಗಿರಲಿಲ್ಲ. ಸುನಂದಾ ಕಣ್ಣು ಮುಚ್ಚಿ ಣಮೋಕಾರ ಮಂತ್ರ ಹೇಳತೊಡಗಿದಳು. ನಾನೂ ಹೇಳಿದೆ, ಕಣ್ಣು ತೆರೆದುಕೊಂಡೇ.

ಅಕ್ಕನ ಮನೆಯ ಮುಂದೆ ಜೀಪು ನಿಂತಾಗ ಆರಕ್ಕೆ ಹತ್ತು ನಿಮಿಷ. ಸೂರ್ಯ ಕಬ್ಬಿನ ಹೊಲದ ಮೇಲೆ ಒಂದು ಗೇಣು ಇದ್ದ. ಅಕ್ಕ ಓಡಿಬಂದಳು. ಬೈಯುವಳೆಂದು ಕಾದೆ. ಅವಳು ನಮ್ಮಿಬ್ಬರ ಮೈಕೈ ಮುಟ್ಟಿ ನೋಡಿದಳು. "ಆರಾಮ ಅದೀರೇನೋ ತಮ್ಮಾ? ಎಲ್ಲಿ ಬಿದ್ದೀರೋ ಅಂತ ಜೀವ ಬಾಯಿಗೆ ಬಂದಿತ್ತಲ್ಲೋ." ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಬುಟ್ಟಿಗಳು ಕೈಯಿಂದ ಕೈಗೆ ಒಳಗೆ ಹೋದವು. ಕಡೆಯ ಪಂಕ್ತಿಯಲ್ಲಿ ಕುಳಿತವರಿಗೆ ಲಾಡು ಸಿಕ್ಕಿತು. ಮೊದಲ ಪಂಕ್ತಿಯ ಹಿರಿಯರು ಅನ್ನ ಸಾರಿನಲ್ಲೇ ಊಟ ಮುಗಿಸಿ, ಕೈ ತೊಳೆದು ಎದ್ದಾಗಿತ್ತು. ಅವರಲ್ಲಿ ಮದುಮಗನ ಅಜ್ಜನೂ ಒಬ್ಬರು. ನಾನು ಒಂದು ತಾಟಿನಲ್ಲಿ ನಾಲ್ಕು ಲಾಡು ಇಟ್ಟುಕೊಂಡು ಹೋಗಿ ಅವರ ಮುಂದೆ ತಲೆ ತಗ್ಗಿಸಿ ನಿಂತೆ. ಸಂಜೆ ಕೈ ತೊಳೆದ ಮೇಲೆ ಮತ್ತೇನೂ ತಿನ್ನದ ಅವರು ಕೈ ಮುಗಿದರು.

"ನಾಳೆ ಮುಂಜಾನೆ ತಿಂತೀನ್ರಿ, ಏನ ಬ್ಯಾಸರಾ ಮಾಡ್ಕೋಬ್ಯಾಡ್ರಿ. ಲಾಡು ಎಲ್ಲಿ ಓಡಿ ಹೋಗತಾವು? ನಿಮ್ಮ ಗಾಡಿಯೊಳಗಂತೂ ಓಡಂಗಿಲ್ಲ."

ಪಡಸಾಲೆ ತುಂಬ ಕುಳಿತಿದ್ದ ಬೀಗರೆಲ್ಲ ನಕ್ಕರು. ಅಕ್ಕ ನಕ್ಕಳು. ನಾಳೆ ಮದುಮಗಳಾಗುವ ಹುಡುಗಿಯೂ ಬಾಗಿಲ ಸಂದಿಯಿಂದ ನಕ್ಕಳು. ಆ ನಗುವಿನಿಂದ ಎರಡು ಮನೆತನಗಳು ಹತ್ತಿರವಾದವು ಎಂದು ಅಕ್ಕ ಇಂದಿಗೂ ಹೇಳುತ್ತಾಳೆ. ಆ ಸಂಬಂಧಕ್ಕೆ ನನ್ನ ಕೊಡುಗೆ ಅಷ್ಟೇ.

ಮೂರು ವರ್ಷದ ನಂತರ ಅಕ್ಕನ ಎರಡನೆಯ ಮಗಳ ಮದುವೆಯ ಕರೆಯೋಲೆ ಬಂತು. ಅಚ್ಚಾದ ಅಕ್ಷರಗಳ ಕೆಳಗೆ ಉಳಿದಿದ್ದ ಖಾಲಿ ಜಾಗದಲ್ಲಿ ಅಕ್ಕ ತನ್ನ ಕೈಯಾರೆ ಎರಡು ಸಾಲು ಬರೆದಿದ್ದಳು.

"ತಮ್ಮಾ, ಲಾಡು ಈ ಸಲ ಇಲ್ಲೇ ಮಾಡಸ್ತೇವಿ. ನೀ ಬಸ್ಸಿಗೆ ಬಾ."