ಎರಡು ಸೀಟಿನ ಕೆಂಪು ಕಾರು

ಹೈಸಮ್ ಸೋತದ್ದು ಒಂದೇ ಒಂದು ಹೊಗಳಿಕೆಗೆ.

ಕನ್ನಡಕದಂಗಡಿ ಇಟ್ಟುಕೊಂಡಿದ್ದ ಹೈಸಮ್ ಆ ಕೆಂಪು ಕಾರನ್ನು ತಂದಾಗಿನಿಂದ ಅಮ್ಮಾನ್‌ನ ಅಶ್ರಫಿಯ್ಯಾ ಗುಡ್ಡದ ಓಣಿಯಲ್ಲಿ ಒಬ್ಬರ ಬಾಯಿಂದಲೂ ಒಳ್ಳೆಯ ಮಾತು ಬಂದಿರಲಿಲ್ಲ. "ಅರ್ಧ ಕಾರು ತಂದಿದೀಯಲ್ಲಯ್ಯಾ, ಮಿಕ್ಕರ್ಧ ಯಾವಾಗ ಬರತ್ತೆ?" ಎಂದು ಕಿರಾಣಿ ಅಂಗಡಿಯ ಅಬು ರಾತಿಬ್ ದಿನಾ ಕೇಳುತ್ತಿದ್ದ. ಹೈಸಮ್ ತಲೆ ಕೆಡಿಸಿಕೊಳ್ಳಲಿಲ್ಲ. ಕೀಲಿ ತಿರುಗಿಸಿದೊಡನೆ ಕಾರು ಗುರ್ರೆನ್ನುವುದನ್ನು ಕೇಳುತ್ತಲೇ ಅವನ ಭುಜ ಎರಡು ಬೆರಳು ಅಗಲವಾಗುತ್ತಿತ್ತು. ವಿಮಾನ ನಿಲ್ದಾಣದ ಹೆದ್ದಾರಿಯಲ್ಲಿ ಕಾಲೊತ್ತಿದರೆ ಗಾಳಿಯೇ ದಾರಿ ಬಿಡುತ್ತಿತ್ತು. ಅಮ್ಮಾನ್ ಊರೊಳಗೆ ಮಾತ್ರ ಹೆಜ್ಜೆಗೊಂದು ರಸ್ತೆಯುಬ್ಬು. ನೆಲಕ್ಕಂಟಿದಂತಿದ್ದ ಆ ಕಾರನ್ನು ಒಂದೊಂದು ಉಬ್ಬಿನ ಮೇಲೂ ಓರೆಯಾಗಿ, ಉಸಿರು ಬಿಗಿಹಿಡಿದು, ತುಂಬು ಬಸುರಿಯನ್ನು ಮೆಟ್ಟಿಲಿಳಿಸುವ ಹಾಗೆ ದಾಟಿಸಬೇಕಿತ್ತು.

ಆ ಶುಕ್ರವಾರ ಅವನು ಕಾರು ತೊಳೆದು, ತಾನೂ ಮಿಂದು, ಹೊಸ ಅಂಗಿ ತೊಟ್ಟು ಹೊರಟಿದ್ದ. ಅಬು ನಿಜಾರ್ ಎಂಬವರ ಮಗಳು ಸವ್ಸನ್‌ಳನ್ನು ನೋಡಲು ಹೋಗಬೇಕಿತ್ತು. ಇದು ಮೊದಲ ಭೇಟಿ. ಒಪ್ಪುತ್ತಾರೆ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಇಂಥ ಕಾರಿನಿಂದ ಇಳಿಯುವವನನ್ನು ಬೇಡ ಎನ್ನುವ ಹುಡುಗಿ ಇನ್ನೂ ಹುಟ್ಟಿಲ್ಲ ಎಂದು ಕನ್ನಡಿಗೆ ಹೇಳಿಯೇ ಬಾಗಿಲು ಹಾಕಿದ್ದ.

ಎದುರು ಮನೆಯ ಹಜ್ಜಾ ವಸ್ಫಿಯಾ ಮೆಟ್ಟಿಲ ಮೇಲೆ ನಿಂತಿದ್ದಳು. ಎತ್ತರಕ್ಕಿಂತ ಅಗಲವೇ ಹೆಚ್ಚು ಎನ್ನುವಂಥ ಮುದುಕಿ.

"ನನ್ನ ಕಣ್ಣೇ, ಏನು ಚೆಂದ ಕಾರಪ್ಪ ಇದು! ದಾಳಿಂಬೆ ಕಾಳಿನ ಹಾಗೆ ಹೊಳೀತಿದೆ."

ಹೈಸಮ್ ಕರಗಿಹೋದ. "ಎಲ್ಲಿಗೆ ಹೊರಟ್ರಿ ಹಜ್ಜಾ? ಬನ್ನಿ, ಬಿಡ್ತೀನಿ."

"ತಂಗಿ ಮನೆಗೆ. ನಿಂಗೆ ತೊಂದರೆ ಯಾಕೆ ಮಗನೇ?" ಎನ್ನುತ್ತಲೇ ಅವಳು ಬಾಗಿಲು ತೆಗೆದು, ಸೀಟಿನತ್ತ ಬೆನ್ನು ತಿರುಗಿಸಿ, ದೇವರ ಹೆಸರು ಹೇಳಿ ಧೊಪ್ಪನೆ ಕೂತಳು. ಕಾರು ನೆಲದತ್ತ ಒಮ್ಮೆ ಬಾಗಿ ಹಾಗೇ ನಿಂತಿತು.

"ಹಜ್ಜಾ ಒಳಗೆ ಹೋದ್ರು. ಇನ್ನು ಹೊರಗೆ?" ಎಂದ ಅಬು ರಾತಿಬ್, ಅಂಗಡಿಯಿಂದಲೇ.

ದಾರಿಯುದ್ದಕ್ಕೂ ಪ್ರತಿ ಉಬ್ಬಿಗೂ ಕಾರಿನ ಹೊಟ್ಟೆ ಗರಗರನೆ ಉಜ್ಜಿತು. ಪ್ರತಿ ಸಲವೂ ಹೈಸಮ್‌ನ ಹಲ್ಲು ಚುಳ್ಳೆಂದಿತು. ಹಜ್ಜಾ ಮಾತ್ರ, "ಇನ್ನೂ ಜೋರಾಗಿ ಬಿಡು, ಮುದುಕಿ ಇದಾಳೆ ಅಂತ ಹೆದರ್ಬೇಡ" ಎಂದು ಹುರಿದುಂಬಿಸಿದಳು.

ತಂಗಿಯ ಮನೆ ಮುಂದೆ ನಿಜವಾದ ಪಾಡು ಶುರುವಾಯಿತು. ಹಜ್ಜಾಳ ಒಂದು ಕಾಲು ಹೊರಗೆ ಬಂತು. ಇನ್ನೊಂದು ಬರಲಿಲ್ಲ. ಹೈಸಮ್ ಕೈ ಹಿಡಿದೆಳೆದ. ಪಕ್ಕದ ಕ್ಷೌರಿಕ ಮುಖಕ್ಕೆ ಸೋಪು ಹಚ್ಚಿದ್ದ ಗಿರಾಕಿಯನ್ನು ಅಲ್ಲೇ ಬಿಟ್ಟು ಓಡಿ ಬಂದ. ಗ್ಯಾಸ್ ಮಾರುವವನು ಹಾಡು ಹಾಕಿಕೊಂಡೇ ಗಾಡಿ ನಿಲ್ಲಿಸಿ ಇಳಿದ.

"ತಲೆ ಮೊದಲು ಬರ್ಲಿ!" ಎಂದ ಕ್ಷೌರಿಕ.

"ತಲೆ ಯಾಕಯ್ಯಾ, ಅವರೇನು ಹುಟ್ತಾ ಇದಾರಾ? ಸೀಟೇ ಬಿಚ್ಚೋಣ, ನನ್ ಹತ್ರ ಪಾನಾ ಇದೆ."

"ಸೀಟಿಗೆ ಕೈ ಹಚ್ಚಿದ್ರೆ ನೋಡು!" ಎಂದು ಹೈಸಮ್ ಕಿರುಚಿದ.

ಎಳೆದವರೆಲ್ಲ ಏದುಸಿರು ಬಿಟ್ಟರು. ಹಜ್ಜಾ ಕಾಲನ್ನು ಒಳಗೆಳೆದುಕೊಂಡು, ಶಾಲು ಸರಿಮಾಡಿಕೊಂಡು, "ಬಿಡಿ, ನಂಗಿಲ್ಲೇ ಆರಾಮಾಗಿದೆ. ನೀನೆಲ್ಲಿಗೆ ಹೊರಟಿದ್ದೆ ಮಗನೇ?" ಎಂದಳು.

ಹೈಸಮ್ ಹೇಳಿದ.

"ಅಯ್ಯೋ, ಹೆಣ್ಣು ಕೇಳೋಕೆ ಹಿರಿಯರಿಲ್ದೆ ಒಬ್ಬನೇ ಹೊರಟಿದ್ಯಾ? ನಡಿ, ನಾನಿದೀನಿ."

ಹೈಸಮ್ ಒಂದು ಕ್ಷಣ ಯೋಚಿಸಿದ. ಮಾತು ಬಲ್ಲ ಹಿರಿಯಳು, ಹಜ್ ಮಾಡಿ ಬಂದವಳು. ದೇವರೇ ಇವಳನ್ನು ಸೀಟಿಗೆ ಸಿಕ್ಕಿಸಿದ್ದಾನೆ ಎನಿಸಿತು. ಖುಷಿಯಲ್ಲಿ ಮುಂದಿನ ಉಬ್ಬನ್ನು ಓರೆ ಮಾಡುವುದನ್ನೇ ಮರೆತ. ಹಿಂದೆ ಏನೋ ಕಳಚಿ ಬಿದ್ದ ಸದ್ದಾಯಿತು. ಅವನು ತಿರುಗಿ ನೋಡಲಿಲ್ಲ.

ಅಬು ನಿಜಾರ್ ಗೇಟಿನಲ್ಲೇ ಕಾಯುತ್ತಿದ್ದರು. ಕಾರಿಗೆ ಒಂದು ಸುತ್ತು ಬಂದು, ಬಾಗಿ ಒಳಗೆ ನೋಡಿ, "ಮಕ್ಕಳಾದ್ರೆ ಎಲ್ಲಿ ಕೂರಿಸ್ತೀಯಪ್ಪಾ?" ಎಂದರು. ಹೈಸಮ್ ನಕ್ಕ. ಅವರು ನಗಲಿಲ್ಲ.

ಅಷ್ಟರಲ್ಲಿ ಸವ್ಸನ್ ಹೊರಗೆ ಬಂದಳು. ಎತ್ತರದ ಹುಡುಗಿ, ಮಂಡಿ ಸೊಂಟ ಹಿಡಿದುಕೊಂಡವರನ್ನು ನಡೆಸುವುದೇ ಆಸ್ಪತ್ರೆಯಲ್ಲಿ ಅವಳ ಕೆಲಸ. ಕಾರನ್ನು ನೋಡಲೇ ಇಲ್ಲ, ಸೀದಾ ಹಜ್ಜಾಳ ಹತ್ತಿರ ಬಗ್ಗಿದಳು. "ಎರಡೂ ಕಾಲು ಒಟ್ಟಿಗೆ ಈ ಕಡೆ ತಿರುಗ್ಸಿ ಹಜ್ಜಾ. ಕೈ ನನ್ನ ಹೆಗಲ ಮೇಲೆ. ಮುಂದಕ್ಕೆ ಬಾಗಿ. ಹಾಂ, ಏಳಿ." ಹಜ್ಜಾ ಹಾಲಿನ ಪಾತ್ರೆಯಲ್ಲಿ ಕೆನೆ ಎದ್ದ ಹಾಗೆ ಎದ್ದು ನಿಂತಳು.

ಹುಡುಗಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, "ನಿನ್ನ ಕೈಗೆ ಚಿನ್ನ ಸುರೀಲಿ ತಾಯೀ" ಎಂದಳು. ಕಣ್ಣಲ್ಲಿ ನೀರಿತ್ತು. ಹೈಸಮ್‌ನ ಕಣ್ಣಲ್ಲೂ ಬಂತು. ಕೆಲಸ ಅರ್ಧ ಮುಗಿದ ಹಾಗೇ ಅಂದುಕೊಂಡ.

ಒಳಗೆ ಕಾಫಿ ಬಂತು. ಹಜ್ಜಾ ಬಟ್ಟಲಿಗೆ ತುಟಿ ತಾಕಿಸದೆ ಮುಂದಿನ ಮೇಜಿನ ಮೇಲಿಟ್ಟಳು. ಕೋಣೆ ಗಂಭೀರವಾಯಿತು. ಹೆಣ್ಣು ಕೇಳಲು ಬಂದ ಹಿರಿಯರು ಮಾತು ಇತ್ಯರ್ಥವಾಗುವ ತನಕ ಕಾಫಿ ಕುಡಿಯುವುದಿಲ್ಲ. ಹೈಸಮ್ ನೆಟ್ಟಗೆ ಕೂತ.

"ಅಬು ನಿಜಾರ್, ನಿಮ್ಮ ಮಗಳನ್ನ ಕೇಳ್ತಾ ಇದೀನಿ" ಎಂದಳು ಹಜ್ಜಾ. "ಹುಡುಗ ಬಂಗಾರ. ಸಿಗರೇಟಿಲ್ಲ, ಚಟ ಇಲ್ಲ, ಹಿರಿಯರೆದುರು ದನಿ ಎತ್ತಲ್ಲ."

ಹೈಸಮ್ ನಾಚಿ ನೆಲ ನೋಡಿದ.

"ಎಕ್ಸ್-ರೇ ತೆಗೆಯೋ ಕೆಲಸ."

ಮುದುಕಿಗೆ ಮರೆವು, ಕನ್ನಡಕ ಅನ್ನುವ ಬದಲು ಹೀಗೆಂದಳು ಅಂತ ಹೈಸಮ್ ತಿದ್ದಲು ಬಾಯಿ ತೆರೆದ.

"ಹೆಸರು ಮುಹನ್ನದ್. ನನ್ನ ಮೊಮ್ಮಗ."

ಹೈಸಮ್‌ನ ಬಾಯಿ ತೆರೆದದ್ದು ಹಾಗೇ ಉಳಿಯಿತು.

ಅಬು ನಿಜಾರ್ ಹೈಸಮ್‌ನತ್ತ ನೋಡಿದರು, ಕಿಟಕಿಯಾಚೆ ನಿಂತಿದ್ದ ಕಾರಿನತ್ತ ನೋಡಿದರು. "ಅವನ ಹತ್ರ ಕಾರಿದೆಯಾ ಹಜ್ಜಾ?"

"ಇದೆ, ಹಳೇದು. ಆದ್ರೆ ನಾಲ್ಕು ಬಾಗಿಲು."

ಅಬು ನಿಜಾರ್ ಮಗಳತ್ತ ತಿರುಗಿದರು. "ಮೂಳೆ ವಾರ್ಡಿನ ಮುಹನ್ನದ್ದಾ?" ಎಂದಳು ಸವ್ಸನ್. ಕೆನ್ನೆ ಆ ಕಾರಿನಷ್ಟೇ ಕೆಂಪಾಗಿತ್ತು.

"ಕಾಫಿ ಕುಡೀರಿ ಹಜ್ಜಾ" ಎಂದರು ಅಬು ನಿಜಾರ್. ಹಜ್ಜಾ ಒಂದೇ ಗುಟುಕಿಗೆ ಕುಡಿದಳು. ಏನು ಮಾಡುವುದೆಂದು ತೋಚದೆ ಹೈಸಮ್ ಕೂಡ ಕುಡಿದ.

ವಾಪಸು ಬರುವಾಗ ಅವನು ಒಂದು ಉಬ್ಬನ್ನೂ ಓರೆಯಾಗಿ ದಾಟಿಸಲಿಲ್ಲ. ಹಜ್ಜಾ ಕಾರಿನ ಡ್ಯಾಶ್‌ಬೋರ್ಡನ್ನು ಪ್ರೀತಿಯಿಂದ ಸವರಿದಳು.

"ಕೋಪ ಮಾಡ್ಕೋಬೇಡ ನನ್ನ ಕಣ್ಣೇ. ಮದುವೆ ದಿನ ಮೆರವಣಿಗೆಗೆ ಇದೇ ಕಾರು. ಬೇರೆ ಯಾವುದೂ ಬೇಡ. ಎರಡೇ ಸೀಟು, ಮದುಮಕ್ಕಳಿಬ್ಬರಿಗೆ ಹೇಳಿ ಮಾಡಿಸಿದ ಹಾಗಿದೆ."

"ಎರಡೇ ಸೀಟಲ್ವಾ ಹಜ್ಜಾ? ಓಡ್ಸೋಕೆ ನಾನಿರ್ಬೇಕಲ್ಲ!"

"ಮುಹನ್ನದ್ ಓಡಿಸ್ತಾನಪ್ಪ. ನೀನು ನಮ್ ಜೊತೆ ಬಸ್ಸಲ್ಲಿ ಬಾ. ಚಪ್ಪಾಳೆ ತಟ್ಟೋಕೆ ಗಂಡಸರು ಕಮ್ಮಿ ಇದಾರೆ."